ಒತ್ತು

ಗಂಟೆಗೆ ಹದಿನೇಳು ಯೂರೋ, ಮೇಲೊಂದು ಕಾಫಿ.
ಕೆಲಸ ಇಷ್ಟೇ: ಸಾಕ್ಷಿಯಾಗುವುದು.
ಹೆಲ್ಸಿಂಕಿ, ಪಾಸಿಲಾ, ಮೂರನೆಯ ಮಹಡಿ, ನವೆಂಬರ್.
ಮೂರೂವರೆಗೇ ಕಿಟಕಿ ಕಪ್ಪಾಗಿದೆ.
ಇಪ್ಪತ್ತೆರಡು ವರ್ಷ ಟ್ರ್ಯಾಮ್ ಓಡಿಸಿದ ವರ್ಫಾ ಎಂಬ ನಾನು
ಬೆಳಗಿನಿಂದ ಮೂರು ಸಲ
ಅದೇ ಕಳ್ಳತನವನ್ನು ಕಣ್ಣಾರೆ ಕಂಡಿದ್ದೇನೆ.

ಕೋರ್ಟಿನಲ್ಲಿ ದುಭಾಷಿಗಳಾಗುವವರ ಬಾಯಿಪರೀಕ್ಷೆ.
ನಾನು ಸೊಮಾಲಿಯಲ್ಲಿ ಆಡಬೇಕು, ಅವರು ಫಿನ್ನಿಶ್‌ನಲ್ಲಿ.
ಹಿಲ್ಕಾ ಮೇಡಂ ನ್ಯಾಯಾಧೀಶೆ,
ಕೈಯಲ್ಲೇ ಹೆಣೆದ ಸ್ವೆಟರು, ಮೊಂಡು ಪೆನ್ಸಿಲು.
ಬಿಟ್ಟರೆ ಒಂದು ಗೀಟು. ಸೇರಿಸಿದರೆ ಒಂದು.
ಸಾಕ್ಷಿಯ ತೊದಲನ್ನು ತಿದ್ದಿ ಚಂದ ಮಾಡಿದರೆ ಎರಡು.

ಬರೆದುಕೊಟ್ಟ ಮಾತಿನಲ್ಲಿ ಒಂದು ಸಾಲಿದೆ:
ಅಂಗಡಿಯಿಂದ ಓಡಿಹೋದ ಒಂದು 'ಇನನ್' ಅನ್ನು ಕಂಡೆ.
ಕಾಗದದಲ್ಲಿ ಅದು ಹುಡುಗನೂ ಹೌದು, ಹುಡುಗಿಯೂ ಹೌದು.
ಒತ್ತು ಮುಂದೆ ಬಿದ್ದರೆ ಹುಡುಗ,
ಹಿಂದೆ ಸರಿದರೆ ಹುಡುಗಿ.
ನಡುವೆ ಇರುವುದು ಒಂದು ಉಸಿರಿನ ತೂಕ,
ಅದಕ್ಕೆ ಅಕ್ಷರವಿಲ್ಲ.

ಹಿಂದೆ ಸರಿಸಿಯೇ ಹೇಳಿದ್ದೆ, ಮೂರು ಸಲವೂ.
ಒಬ್ಬ ಹುಡುಗ ಎಂದ.
ಒಬ್ಬಳು ಮಗು ಎಂದು ಜಾರಿಕೊಂಡಳು.
ಮೂರನೆಯವನು ನೀರು ಕುಡಿದು, ನೀರಿನ ಜೊತೆ
ಇಡೀ ವಾಕ್ಯವನ್ನೇ ನುಂಗಿದ.

ತಪ್ಪು ಅವರದಲ್ಲ. ಇಲ್ಲಿಯ ಭಾಷೆ
ಪ್ರತಿ ಮಾತಿನ ಮೊದಲಕ್ಷರಕ್ಕೇ ಮೊಳೆ ಹೊಡೆಯುತ್ತದೆ.
ಇಲ್ಲಿ ಬೆಳೆದ ಕಿವಿ ಮುಂದೆಯೇ ಕಾಯುತ್ತದೆ,
ಬಾಗಿಲು ಹಿಂದೆ ತೆರೆದರೂ.

ಇಪ್ಪತ್ತಾರು ವರ್ಷದ ಹಿಂದೆ ಇಂಥದೇ ಒಂದು ಮೇಜು.
ಮಕ್ಕಳೆಷ್ಟು? ಒಂದು ಇನನ್, ಅಂದೆ.
ಪಕ್ಕದಲ್ಲಿ ಕೂತವನು ಅದನ್ನು ದಾಟಿಸಿದ, ಅವರು ಬರೆದುಕೊಂಡರು.
ಆಮೇಲಿನ ಹದಿನಾಲ್ಕು ಪುಟದಲ್ಲೂ 'ಹ್ಯಾನ್', 'ಹ್ಯಾನ್' —
ಅವನಿಗೂ ಅವಳಿಗೂ ಈ ನಾಡಲ್ಲಿ ಒಂದೇ ಪದ,
ತಪ್ಪೊಂದು ಬೆಚ್ಚಗೆ ಮಲಗಲು ಅಷ್ಟು ಸಾಕು.
ಸಗಲ್‌ಳ ಅರ್ಜಿ ಬಂದಾಗ ಎಬ್ಬಿಸಿದರು:
ನಿಮಗಿರುವುದು ಮಗನಲ್ಲವೇ? ಯಾರು ಈ ಹುಡುಗಿ?

ಹನ್ನೊಂದು ವರ್ಷ ಹಿಡಿಯಿತು ಮಗಳೆಂದು ಸಾಬೀತಾಗಲು.
ವಿಮಾನ ನಿಲ್ದಾಣದಲ್ಲಿ ನನ್ನ ಭುಜ ಮೀರಿ ಬೆಳೆದವಳು
ಕೈ ಕುಲುಕಿದಳು,
ದಾರಿ ಕೇಳುವವರ ಹಾಗೆ.

ಈಗ ನಾಲ್ಕನೆಯವಳು. ಹೆಸರಿಲ್ಲ, ನಂಬರಷ್ಟೆ.
ವಾಂತಾದಲ್ಲಿ ಹುಟ್ಟಿದವಳಿರಬೇಕು, ಸೊಮಾಲಿಯಲ್ಲೂ ಹಿಮದ ಸದ್ದಿದೆ.
ಬೂಟಿನಿಂದ ನೀರು ಇಳಿದು ನೆಲದಲ್ಲಿ ಸಣ್ಣ ಕೆರೆ.
ನಾನು ಕೆಮ್ಮಿದರೆ ತಡೆದಳು. ಬೈದರೆ ಬೈದಳು,
ಹಿಲ್ಕಾ ಮೇಡಂ ಮುಖಕ್ಕೇ, ಒಂದು ಅಕ್ಷರ ಬಿಡದೆ.
'ನಾನು ಕಂಡೆ' ಎಂದರೆ 'ನಾನು ಕಂಡೆ' ಎಂದಳು.
ಇಪ್ಪತ್ತರ ಹುಡುಗಿಯ ಬಾಯಲ್ಲಿ ನನ್ನ ಅರವತ್ತಮೂರರ ನಾನು
ಎಷ್ಟು ಹಗುರ!

ಆ ಸಾಲು ಬಂತು. ಹೇಳಿದೆ.
ಅವಳು ಬಾಯಿ ತೆರೆದಳು, ಮುಚ್ಚಿದಳು.
ಗೋಡೆಯ ಹೀಟರು ಟಿಕ್ ಎಂದಿತು.
'ದುಭಾಷಿಗೆ ಖಾತ್ರಿಯಿಲ್ಲ,' ಎಂದಳು ತನ್ನನ್ನೇ ದೂರವಿಟ್ಟು,
'ಹುಡುಗನೋ ಹುಡುಗಿಯೋ,
ಸಾಕ್ಷಿಯನ್ನು ಕೇಳಲು ಅಪ್ಪಣೆ ಬೇಕು.'

ಕಾಗದದಲ್ಲಿ ಇದಕ್ಕೆ ಉತ್ತರ ಬರೆದಿರಲಿಲ್ಲ.
ಹಿಲ್ಕಾ ಮೇಡಂ ಕತ್ತು ಆಡಿಸಿದರು.
'ಗಬರ್,' ಅಂದೆ. ಹೆಣ್ಣು. ಹೇಗೆ ಒತ್ತಿದರೂ
ಗಂಡಾಗದ ಪದ ಅದು.
ಅವತ್ತೂ ನನ್ನ ನಾಲಿಗೆಯ ಮೇಲೇ ಇತ್ತು.
ಕೇಳುವವರಿರಲಿಲ್ಲ.

ಪೆನ್ಸಿಲು ಏನೋ ಗೀಚಿತು. ಕೂಡಿತೋ, ಕಳೆಯಿತೋ,
ಸಾಕ್ಷಿಗೆ ಅದನ್ನು ತಿಳಿಯುವ ಹಕ್ಕಿಲ್ಲ.
ನಾಲ್ಕು ಸಲ ಕಂಡ ಕಳ್ಳತನಕ್ಕೆ ಸಹಿ ಹಾಕಿ
ಏಳನೇ ನಂಬರಿನ ಟ್ರ್ಯಾಮಿಗೆ ಕಾಯುತ್ತ ನಿಂತೆ.

ಅವಳೂ ಅಲ್ಲೇ ಇದ್ದಳು. ಮಾತಾಡಿಸಬಾರದು, ನಿಯಮ.
ಗಾಜಿನ ಗೋಡೆಯತ್ತ ಮುಖ ಮಾಡಿ
ಒಂದೇ ಪದವನ್ನು ಮತ್ತೆ ಮತ್ತೆ ಆಡಿ ನೋಡುತ್ತಿದ್ದಳು.
ಉಸಿರು ಗಾಜಿನ ಮೇಲೆ ಎರಡು ಚುಕ್ಕೆಯಾಗಿ ಕೂತಿತು:
ಮೊದಲನೆಯದು ಚಿಕ್ಕದು.